ಪುಡಿಯ ಡಬ್ಬ, ಅಳತೆಯ ಲೆಕ್ಕ

ಅಡುಗೆಮನೆಯಲ್ಲಿ ರವೆ ಇಡ್ಲಿ ಮಿಕ್ಸಿನ ಪೊಟ್ಟಣ ಇದ್ದರೆ ಒಮ್ಮೆ ತಿರುಗಿಸಿ ಹಿಂಬದಿ ಓದಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಆ ಪಟ್ಟಿಗೆ ಒಂದು ಕ್ರಮವಿದೆ. ಯಾವುದು ಹೆಚ್ಚು ಸೇರಿದೆಯೋ ಅದರ ಹೆಸರು ಮೊದಲು, ಕಡಿಮೆ ಸೇರಿದ್ದು ಕೊನೆಗೆ ಬರಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ರವೆ ಇಡ್ಲಿ ಮಿಕ್ಸಿನಲ್ಲಿ ಮೊದಲ ಹೆಸರು ರವೆ. ಜಾಮೂನ್ ಮಿಕ್ಸಿನಲ್ಲಿ ಮೊದಲೆರಡು ಹೆಸರು ಸಾಮಾನ್ಯವಾಗಿ ಮೈದಾ ಮತ್ತು ಹಾಲಿನ ಪುಡಿ. ಮಕ್ಕಳು ಪಾಪ್‌ಕಾರ್ನ್ ಮೇಲೆ, ಆಲೂಗಡ್ಡೆ ಫ್ರೈ ಮೇಲೆ ಉದುರಿಸಿಕೊಳ್ಳುವ ಖಾರದ ಪುಡಿಯ ಸ್ಯಾಷೆ ನೋಡಿ: ಬಹಳಷ್ಟರಲ್ಲಿ ಉಪ್ಪು, ಸಕ್ಕರೆಗಳೇ ಮುಂದೆ ನಿಂತಿರುತ್ತವೆ, ಮೆಣಸಿನಕಾಯಿ ಆಮೇಲೆ.

ಇವೆಲ್ಲ ನಮ್ಮ ಮನೆಯ ಡಬ್ಬಗಳಲ್ಲಿ ಈಗಾಗಲೇ ಇರುವ ಸಾಮಾನುಗಳೇ. ಹಾಗಾದರೆ ಪೊಟ್ಟಣಕ್ಕೆ ನಾವು ಕೊಡುವ ದುಡ್ಡು ಯಾವುದಕ್ಕೆ? ಒಂದು ಪಾಲು ಪದಾರ್ಥಕ್ಕೆ. ಇನ್ನೊಂದು ಪಾಲು ಪ್ಲಾಸ್ಟಿಕ್ಕಿಗೆ, ಸಾಗಣೆಗೆ, ಜಾಹೀರಾತಿಗೆ, ಅಂಗಡಿಯವರ ಲಾಭಕ್ಕೆ. ಮತ್ತೊಂದು ಪಾಲು ಅಳತೆಗೆ. ಒಂದು ಕಿಲೋ ರವೆಗೆ ಎಷ್ಟು ಉಪ್ಪು, ಎಷ್ಟು ಎಣ್ಣೆ, ಎಷ್ಟು ಸೋಡಾ ಎಂಬುದನ್ನು ಯಾರೋ ನಮ್ಮ ಪರವಾಗಿ ತೂಗಿ ಇಟ್ಟಿದ್ದಾರೆ, ಅದಕ್ಕೆ ಪ್ರತಿ ಸಲವೂ ಬೆಲೆ ತೆರುತ್ತೇವೆ. ಆ ಅಳತೆ ಒಮ್ಮೆ ಕೈಗೆ ಬಂದರೆ ಅದಕ್ಕೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲೇ ಪುಡಿ, ಮಿಕ್ಸ್ ಮಾಡಿಟ್ಟುಕೊಳ್ಳುವುದರ ನಿಜವಾದ ಉಳಿತಾಯ ಇರುವುದು ಇಲ್ಲಿ.

ಬೆಂಗಳೂರಿನ ಒಂದು ಹೆಸರಾಂತ ಪೊಟ್ಟಣದ ಮಿಕ್ಸ್ ಹುಟ್ಟಿದ್ದರ ಹಿಂದೆಯೂ ದುಡ್ಡಿನ ಬಿಕ್ಕಟ್ಟೇ ಇತ್ತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಎಂದು ಹೆಸರಾದ ಹೋಟೆಲಿನ ಕತೆ ಕನ್ನಡಿಗರಿಗೆ ಗೊತ್ತಿರುವುದೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ, ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಆ ಹೋಟೆಲಿನವರು ಹೇಳುತ್ತಾರೆ. ಅವರ ಪ್ರಕಾರ ರವೆ ಇಡ್ಲಿ ಹುಟ್ಟಿದ್ದು ಹಾಗೆ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ಕಟ್ಟಿಹಾಕಿತು. ಆ ಬೆಲೆಗೆ ಆ ಗುಣಮಟ್ಟದ ತಿಂಡಿ ಕೊಡಲು ಗಿಟ್ಟದೆ ಹೋಟೆಲನ್ನೇ ಕೆಲಕಾಲ ಮುಚ್ಚಬೇಕಾಯಿತು. ಕೆಲಸಗಾರರನ್ನು ಬಿಡಿಸದೆ ಉಳಿಸಿಕೊಳ್ಳಲು ಅವರು ಹಿಡಿದ ದಾರಿಯೇ ಪುಡಿ ಮತ್ತು ಮಿಕ್ಸ್‌ಗಳ ಮಾರಾಟ. ಆ ಪೊಟ್ಟಣದ ಉದ್ಯಮ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿ ಅದನ್ನು ಕೊಂಡಿತು. ರವೆ, ಸಾಸಿವೆ, ಕರಿಬೇವಿನ ಒಂದು ಹದವಾದ ಅಳತೆಗೆ ಅಷ್ಟು ಬೆಲೆ ಬಂತು.

ಮನೆಯಲ್ಲಿ ಮೊದಲು ಮಾಡಿ ನೋಡಲು ರವೆ ಇಡ್ಲಿ ಮಿಕ್ಸಿಗಿಂತ ಸುಲಭವಾದದ್ದಿಲ್ಲ. ಒಂದು ಕಿಲೋ ಉಪ್ಪಿಟ್ಟಿನ ರವೆ ತೆಗೆದುಕೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ 100 ಎಂ.ಎಲ್. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ. 50 ಗ್ರಾಂ ಕಡಲೆಬೇಳೆ, 50 ಗ್ರಾಂ ಉದ್ದಿನಬೇಳೆ ಕೆಂಪಗಾಗಲಿ, ಮೇಲೆ 50 ಗ್ರಾಂ ಗೋಡಂಬಿ ಚೂರು ಹಾಕಿ. ಕರಿಬೇವನ್ನು ಹಿಂದಿನ ದಿನವೇ ತೊಳೆದು ಬಟ್ಟೆಯ ಮೇಲೆ ಆರಿಸಿಟ್ಟಿರಬೇಕು. ಎಣ್ಣೆಯಲ್ಲಿ ಅದು ಗರಿಗರಿಯಾಗಿ, ಬೆರಳಲ್ಲಿ ಒತ್ತಿದರೆ ಮುರಿಯುವಂತಾಗುವವರೆಗೆ ಬಿಡಿ. ಆಮೇಲೆ ರವೆ ಸುರಿದು ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಬಣ್ಣ ಬದಲಾಗಬಾರದು, ಘಮ ಏಳಬೇಕು, ಸೌಟಿನಿಂದ ಮರಳಿನಂತೆ ಹಗುರವಾಗಿ ಜಾರಬೇಕು. ಒಲೆ ಆರಿಸಿದ ಮೇಲೆ 30 ಗ್ರಾಂ ಉಪ್ಪು, ಎರಡು ಚಮಚ ಒಣಶುಂಠಿ ಪುಡಿ. ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ.

ಇದರಲ್ಲಿ ಸೋಡಾ ಇಲ್ಲದ್ದನ್ನು ಗಮನಿಸಿ. ಒಂದು ಕಪ್ ಮಿಕ್ಸಿಗೆ ಒಂದು ಕಪ್ ಹುಳಿ ಮೊಸರು, ಬೇಕಾದಷ್ಟು ನೀರು ಬೆರೆಸಿ ಕಾಲು ಗಂಟೆ ನೆನೆಯಲು ಬಿಡಬೇಕು. ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆ ಕಾಲು ಚಮಚ ಅಡುಗೆ ಸೋಡಾ ಹಾಕಿ ಒಮ್ಮೆ ಕಲಸಿ ತಟ್ಟೆಗೆ ಹುಯ್ಯಬೇಕು. ಸೋಡಾ ಮೊಸರಿನ ಹುಳಿಯನ್ನು ಮುಟ್ಟಿದ ಕ್ಷಣದಲ್ಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳಲು ಶುರು. ಆ ಗುಳ್ಳೆಗಳು ಹಿಟ್ಟಿನೊಳಗೆ ಇರುವಾಗಲೇ ಹಬೆ ತಗುಲಿ ಹಿಟ್ಟು ಗಟ್ಟಿಯಾಗಬೇಕು. ಸೋಡಾ ಹಾಕಿ ಫೋನಿನಲ್ಲಿ ಮಾತಾಡಲು ಹೋದರೆ ಇಡ್ಲಿ ಚಪ್ಪಟೆ.

ಬೆಲೆ ನೋಡೋಣ. ರವೆ ಕಿಲೋಗೆ 60 ರೂಪಾಯಿ, ಎಣ್ಣೆಗೆ 16, ಬೇಳೆಗಳಿಗೆ 12, ಗೋಡಂಬಿಗೆ 50, ಮಿಕ್ಕಿದ್ದಕ್ಕೆ 12 ಎಂದಿಟ್ಟುಕೊಳ್ಳಿ. ಸುಮಾರು 1,200 ಗ್ರಾಂ ಮಿಕ್ಸಿಗೆ 150 ರೂಪಾಯಿ. ಗೋಡಂಬಿ ಬೇಡವೆಂದರೆ ನೂರೇ. ನಿಮ್ಮ ಅಂಗಡಿಯ ದರ ಹಾಕಿ ಲೆಕ್ಕ ಮಾಡಿ, ಪಕ್ಕದಲ್ಲಿ ಪೊಟ್ಟಣದ ಕಿಲೋ ದರ ಬರೆಯಿರಿ. ಪೊಟ್ಟಣಗಳು 180 ಗ್ರಾಂ, 400 ಗ್ರಾಂ, 500 ಗ್ರಾಂ ಎಂದು ಬೇರೆ ಬೇರೆ ತೂಕದಲ್ಲಿ ಬರುವುದರಿಂದ ಕಿಲೋ ದರಕ್ಕೆ ತಾರದೆ ಹೋಲಿಕೆ ಸರಿಯಾಗುವುದಿಲ್ಲ.

ಢೋಕ್ಲಾ ಮಿಕ್ಸಿನಂಥವುಗಳ ಲೆಕ್ಕ ಸ್ವಲ್ಪ ಬೇರೆ. ಅವುಗಳಲ್ಲಿ ಸೋಡಾದ ಜೊತೆಗೆ ನಿಂಬೆಉಪ್ಪನ್ನೂ, ಎಂದರೆ ಸಿಟ್ರಿಕ್ ಆಮ್ಲವನ್ನೂ ಸೇರಿಸಿರುತ್ತಾರೆ. ನೀರು ಹಾಕಿದರೆ ಸಾಕು, ಉಬ್ಬುತ್ತದೆ. ಗಾಳಿಯ ತೇವ ತಾಗಿದರೂ ಡಬ್ಬದೊಳಗೇ ಅವೆರಡು ಕೆಲಸ ಶುರು ಮಾಡಿಬಿಡುತ್ತವೆ, ಬೇಕಾದಾಗ ಉಬ್ಬಲು ಶಕ್ತಿ ಉಳಿದಿರುವುದಿಲ್ಲ. ಮನೆಯಲ್ಲಿ ಕಡಲೆಹಿಟ್ಟು, ಸಕ್ಕರೆ, ಉಪ್ಪು, ನಿಂಬೆಉಪ್ಪು ಬೆರೆಸಿಟ್ಟು ಸೋಡಾವನ್ನು ಬೇರೆ ಇಡುವುದೇ ಕ್ಷೇಮ. ಮಲೆನಾಡು, ಕರಾವಳಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಕಿಂಗ್ ಪೌಡರ್ ಮಾಡಿರುವುದೂ ಇದೇ ತತ್ತ್ವದ ಮೇಲೆ: ಸೋಡಾ, ಅದಕ್ಕೊಂದು ಒಣ ಆಮ್ಲ, ಇವೆರಡು ಮೊದಲೇ ಕೂಡದಂತೆ ತೇವ ಹೀರಿಕೊಳ್ಳಲು ಕಾರ್ನ್‌ಫ್ಲೋರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವಳಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು, 1843ರಲ್ಲಿ ಯೀಸ್ಟ್ ಬೇಡದ ಬೇಕಿಂಗ್ ಪೌಡರನ್ನು ಮಾಡಿದ. ಇಂದು ಜಗತ್ತೆಲ್ಲ ಬಳಸುವ ಎರಡು ಪುಡಿಗಳು ಒಬ್ಬ ಹೆಂಗಸಿನ ಊಟದ ಕಷ್ಟಕ್ಕೆಂದು ಒಂದು ಮನೆಯಲ್ಲಿ ಹುಟ್ಟಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಬೇಕಿಂಗ್ ಪೌಡರನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಅದಕ್ಕೆ ಬೇಕಾದ ಕ್ರೀಮ್ ಆಫ್ ಟಾರ್ಟರ್ ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಸಣ್ಣ ಡಬ್ಬ ಕೊಂಡು, ಕೇಕ್ ಮಿಕ್ಸನ್ನು ಮನೆಯಲ್ಲಿ ಮಾಡಿಕೊಳ್ಳಿ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಪುಡಿ ಮಾಡಿದ ಸಕ್ಕರೆ, ಎರಡು ದೊಡ್ಡ ಚಮಚ ಹಾಲಿನ ಪುಡಿ, ಒಂದೂಕಾಲು ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಚಿಟಿಕೆ ಉಪ್ಪು. ಮೂರು ಸಲ ಜರಡಿ ಹಿಡಿದು ಸೀಸೆಗೆ ತುಂಬಿ. ಹುಟ್ಟುಹಬ್ಬದ ಹಿಂದಿನ ರಾತ್ರಿ ಇದಕ್ಕೆ ಒಂದು ಕಪ್ ಮೊಸರು, ಅರ್ಧ ಕಪ್ ಎಣ್ಣೆ, ಒಂದು ಚಮಚ ವೆನಿಲಾ ಎಸೆನ್ಸ್ ಸೇರಿಸಿ ಕಲಸಿ, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿದರೆ ಮೊಟ್ಟೆಯಿಲ್ಲದ ಕೇಕ್ ಸಿದ್ಧ. ಮೊಸರಿನೊಂದಿಗೆ ಸೋಡಾ ಕೂಡಲೇ ಉಬ್ಬಿಸುತ್ತದೆ, ಬೇಕಿಂಗ್ ಪೌಡರ್ ಒಲೆಯ ಶಾಖದಲ್ಲಿ ಮತ್ತೊಮ್ಮೆ ಉಬ್ಬಿಸುತ್ತದೆ. ಅದಕ್ಕೇ ಎರಡೂ ಬೇಕು. ಹಳೆಯ ಬೇಕಿಂಗ್ ಪೌಡರ್ ಕೈಕೊಡುತ್ತದೆ. ಒಂದು ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ, ಭರ್ರೆಂದು ನೊರೆ ಬಂದರೆ ಜೀವವಿದೆ.

ಜಾಮೂನಿಗೆ ಒಂದು ಕಪ್ ಹಾಲಿನ ಪುಡಿ, ಕಾಲು ಕಪ್ ಮೈದಾ, ದೊಡ್ಡ ಚಿಟಿಕೆ ಸೋಡಾ. ಕಸ್ಟರ್ಡಿಗೆ ಕಾರ್ನ್‌ಫ್ಲೋರ್, ಹಾಲಿನ ಪುಡಿ, ಸಕ್ಕರೆ, ವೆನಿಲಾ, ಬಣ್ಣಕ್ಕೆ ಒಂದು ಕಣ ಅರಿಶಿನ. ಇಷ್ಟೇ.

ಮಿಕ್ಸುಗಳ ಲೆಕ್ಕ ಸುಲಭ, ಅಳತೆ ಗೊತ್ತಾದರೆ ಮುಗಿಯಿತು. ಸಾರಿನ ಪುಡಿಗೆ ಅಳತೆಯ ಜೊತೆಗೆ ಕೈಯೂ ಬೇಕು.

ನಮ್ಮ ಮನೆಯ ಸಾರಿನ ಪುಡಿಯ ಅಳತೆ ಅಮ್ಮನ ಹಳೆಯ ನೋಟ್‌ಬುಕ್ಕಿನಲ್ಲಿ ಪಾವು, ಹಿಡಿ, ಚಿಟಿಕೆಗಳಲ್ಲಿದೆ. ಹಲವು ಸಲ ಅದನ್ನೇ ನಂಬಿ ಮಾಡಿದೆ, ಪ್ರತಿ ಸಲವೂ ಸಾರು ಒಂದು ಎಳೆ ಕಹಿ. ಕೊನೆಗೊಂದು ದಿನ ಅಮ್ಮನನ್ನು ಕೂರಿಸಿಕೊಂಡು, ಅವಳ ಕೈಯಿಂದಲೇ ಒಂದೊಂದನ್ನೂ ತಕ್ಕಡಿಗೆ ಹಾಕಿಸಿದೆ. ಅಮ್ಮನ ಒಂದು ಹಿಡಿ ಮೆಂತ್ಯ 25 ಗ್ರಾಂ. ನನ್ನ ಹಿಡಿ 35 ಗ್ರಾಂ. ನೋಟ್‌ಬುಕ್ಕಿನ ಎರಡು ಹಿಡಿಗೆ 20 ಗ್ರಾಂ ವ್ಯತ್ಯಾಸ. ಕಹಿ ಬಂದದ್ದು ಅಲ್ಲಿಂದ. “ನಿನ್ನ ಕೈ ದೊಡ್ಡದು ಕಣೇ, ನಾನು ಅದನ್ನ ಬರೆದಿರ್ಲಿಲ್ಲ,” ಎಂದಳು ಅಮ್ಮ. ಅಂದಿನಿಂದ ನಮ್ಮ ಮನೆಯಲ್ಲಿ ಅಳತೆ ಗ್ರಾಮಿನಲ್ಲೇ: ಧನಿಯ 500, ಬ್ಯಾಡಗಿ ಮೆಣಸಿನಕಾಯಿ 400, ಗುಂಟೂರು 100, ಜೀರಿಗೆ 100, ಮೆಂತ್ಯ 50, ಸಾಸಿವೆ 50, ಕಾಳುಮೆಣಸು 50. ಮೇಲೆ ಒಂದೆರಡು ಹಿಡಿ ಒಣಗಿದ ಕರಿಬೇವು, ಅರಿಶಿನ, ಇಂಗು.

ಬ್ಯಾಡಗಿ ಯಾಕೆ ಅಷ್ಟು? ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನಲ್ಲಿ ಮಾರಾಟವಾಗುವ ಈ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಕೆಂಪು ಬಣ್ಣ ವಿಪರೀತ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ಗುಂಡಗೆ. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಇದರಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಬರೀ ಗುಂಟೂರಿನಲ್ಲಿ ಪುಡಿ ಮಾಡಿದರೆ ಸಾರಿಗೆ ಬಣ್ಣ ಬರುವಷ್ಟು ಹಾಕಲು ಆಗುವುದೇ ಇಲ್ಲ, ನಾಲಿಗೆ ಸುಡುತ್ತದೆ.

ಹುರಿಯುವಾಗ ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು. ಒಂದೊಂದರ ಗಾತ್ರ ಒಂದೊಂದು, ಒಳಗಿನ ತೇವ ಒಂದೊಂದು. ಧನಿಯ ನಿಧಾನ. ಜೀರಿಗೆ ಬೇಗ. ಸಾಸಿವೆ ಚಿಟಪಟ ನಿಂತರೆ ಆಯಿತು. ಎಲ್ಲಕ್ಕಿಂತ ಜೋಪಾನ ಮಾಡಬೇಕಾದದ್ದು ಮೆಂತ್ಯ. ಮೊದಲು ಏನೂ ಆಗದ ಹಾಗೆ ಹಳದಿಯಾಗಿ ಬಿದ್ದಿರುತ್ತದೆ. ಆಮೇಲೆ ಒಂದೆರಡು ಕಾಳು ಹೊಂಬಣ್ಣಕ್ಕೆ ತಿರುಗುತ್ತವೆ, ವಾಸನೆ ಹಸಿಯಿಂದ ಹುರಿಗಡಲೆಯಂತಾಗುತ್ತದೆ. ಆಗಲೇ ಬಾಣಲೆಯಿಂದ ತಟ್ಟೆಗೆ ಸುರಿದುಬಿಡಬೇಕು. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕಂದಾಗಿ, ಕಪ್ಪಾಗಿ, ಒಂದು ಕಿಲೋ ಪುಡಿಯನ್ನೂ ಕಹಿ ಮಾಡುತ್ತದೆ. ಮೆಣಸಿನಕಾಯಿಯನ್ನು ತೊಟ್ಟು ಮುರಿದು, ಒಂದು ದಿನ ಬಿಸಿಲಿಗೆ ಹಾಕಿ, ಒಂದು ಚಮಚ ಹರಳೆಣ್ಣೆ ಸವರಿ ಹುರಿಯುವುದು ಹಳೇ ಮೈಸೂರಿನ ಮನೆಗಳ ಪದ್ಧತಿ. ಘಾಟು ತಗ್ಗುತ್ತದೆ, ಬಣ್ಣ ನಿಲ್ಲುತ್ತದೆ.

ಮಿಕ್ಸಿಯಲ್ಲಿ ಮಾಡುವವರು ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ಬಿಟ್ಟು ಬಿಟ್ಟು ಓಡಿಸಿ. ಒಂದೇ ಸಮನೆ ಓಡಿಸಿದರೆ ಪುಡಿ ಬಿಸಿಯಾಗಿ ಧನಿಯದ ಘಮ ಅಲ್ಲೇ ಹಾರಿಹೋಗುತ್ತದೆ. ಒಂದು ಕಿಲೋ ದಾಟಿದರೆ ಗಿರಣಿಯೇ ಸರಿ. ನಮ್ಮ ಬಡಾವಣೆಯ ಗಿರಣಿಯಲ್ಲಿ ಹಿಟ್ಟಿಗೊಂದು, ಖಾರಕ್ಕೊಂದು ಯಂತ್ರವಿದೆ. ಖಾರದ ಯಂತ್ರದ ಮುಂದೆ ನಿಂತವರು ಮೊದಲು ಕೇಳುವ ಪ್ರಶ್ನೆ, “ಮುಂಚೆ ಯಾರದ್ದು ಹಾಕಿದ್ರಿ?” “ಸಾರಿನ ಪುಡಿನೇ ಅಮ್ಮಾ, ಗರಂ ಮಸಾಲೆ ಅಲ್ಲ, ತನ್ನಿ,” ಎಂದರೆ ಡಬ್ಬ ಕೊಡುತ್ತೇವೆ. ಯಂತ್ರದ ಬಾಯಲ್ಲಿ ಹಿಂದಿನವರ ಒಂದು ಹಿಡಿ ಪುಡಿ ಉಳಿದೇ ಇರುತ್ತದೆ, ನಮ್ಮ ಒಂದು ಹಿಡಿ ಮುಂದಿನವರಿಗೆ ಹೋಗುತ್ತದೆ. ಚಕ್ಕೆ ಲವಂಗದ ಪುಡಿಯ ಹಿಂದೆ ಸಾರಿನ ಪುಡಿ ಹಾಕಿಸಿದರೆ ಮನೆಯ ಸಾರಿಗೆ ವಾರಗಟ್ಟಲೆ ಪಲಾವಿನ ವಾಸನೆ. ಪುಡಿ ಕೈಗೆ ಬಂದಾಗ ಬೆಚ್ಚಗಿರುತ್ತದೆ. ಮನೆಗೆ ಬಂದವರೇ ಡಬ್ಬದ ಮುಚ್ಚಳ ತೆಗೆದು, ಅಗಲವಾದ ತಟ್ಟೆಗಳಲ್ಲಿ ಹರಡಿ, ಪೂರ್ತಿ ಆರಿದ ಮೇಲೆ ತುಂಬಬೇಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಸಲ ಬಿಸಿಬೇಳೆ ಬಾತಿನ ಪುಡಿಯನ್ನು ಮರಾಠಿ ಮೊಗ್ಗು, ಗಸಗಸೆ, ಒಣಕೊಬ್ಬರಿ ಎಲ್ಲ ಹಾಕಿ ಮಾಡಿದೆ. ಊರಿಗೆ ಹೊರಡುವ ಅವಸರದಲ್ಲಿ ಬೆಚ್ಚಗಿರುವಾಗಲೇ ಮುಚ್ಚಳ ಬಿಗಿದೆ. ಹತ್ತು ದಿನ ಬಿಟ್ಟು ತೆಗೆದರೆ ಮುಚ್ಚಳದ ಒಳಗೆ ನೀರು ಕೂತ ಗುರುತು, ಪುಡಿಯ ಮೇಲೆ ಬೂದು ಬೂಷ್ಟು. ಮುಕ್ಕಾಲು ಕಿಲೋ ಪುಡಿ ಕಸಕ್ಕೆ ಹೋಯಿತು, ಆ ತಿಂಗಳ ಉಳಿತಾಯವೂ ಅದರ ಜೊತೆಗೆ. ಬೂಷ್ಟು ಹಿಡಿದ ಪುಡಿಯನ್ನು ಬಿಸಿಲಿಗೆ ಹಾಕಿ ಬಳಸೋಣ ಎಂಬ ಆಸೆ ಬೇಡ, ಅದು ಹೊಟ್ಟೆಗೆ ಕೆಟ್ಟದ್ದು. ಕೊಬ್ಬರಿಯದ್ದೂ ಎಚ್ಚರಿಕೆಯ ವಿಷಯವೇ. ಅದರ ಎಣ್ಣೆ ಗಾಳಿಗೆ ಕಮಟು ಹಿಡಿಯುತ್ತದೆ. ಕೊಬ್ಬರಿ ಹಾಕದ ಪುಡಿ ವರ್ಷ ನಿಂತರೆ, ಹಾಕಿದ ಪುಡಿ ತಿಂಗಳೊಳಗೆ ಮುಗಿಯಬೇಕು. ಈಗ ನಾನು ಮೂಲ ಪುಡಿಯನ್ನು ಮಾತ್ರ ಮಾಡಿಟ್ಟು, ಬಾತು ಮಾಡುವ ದಿನ ಕೊಬ್ಬರಿ ಹುರಿದು ಸೇರಿಸುತ್ತೇನೆ. ಉತ್ತರ ಕರ್ನಾಟಕದ ಗುರೆಳ್ಳು, ಅಗಸೆ, ಶೇಂಗಾ ಚಟ್ನಿಪುಡಿಗಳಿಗೂ ಕಮಟಿನ ಈ ಎಚ್ಚರಿಕೆ ಸಲ್ಲುತ್ತದೆ. ಎಣ್ಣೆಕಾಳಿನ ಚಟ್ನಿಗಳನ್ನು ಸ್ವಲ್ಪ ಸ್ವಲ್ಪವೇ ಕುಟ್ಟಿಕೊಂಡರೆ ರುಚಿ.

ಸಾರಿನ ಪುಡಿಯಲ್ಲಿ ಎಷ್ಟು ಉಳಿಯುತ್ತದೆ? ಕಿಲೋ ದರ ಧನಿಯಕ್ಕೆ 160, ಬ್ಯಾಡಗಿಗೆ 400, ಗುಂಟೂರಿಗೆ 250, ಜೀರಿಗೆಗೆ 350, ಮೆಂತ್ಯಕ್ಕೆ 100, ಸಾಸಿವೆಗೆ 120, ಮೆಣಸಿಗೆ 900 ಎಂದು ಹಿಡಿದರೆ ಮೇಲಿನ ಅಳತೆಗೆ 356 ರೂಪಾಯಿ. ಇಂಗು, ಅರಿಶಿನ, ಕರಿಬೇವು, ಎಣ್ಣೆಗೆ 34, ಗಿರಣಿ ಮತ್ತು ಗ್ಯಾಸಿಗೆ 50 ಸೇರಿಸಿ 440. ತೊಟ್ಟು, ತೇವ ಕಳೆದು ಕೈಗೆ ಬರುವುದು ಸುಮಾರು 1,100 ಗ್ರಾಂ. ಎಂದರೆ 100 ಗ್ರಾಮಿಗೆ 40 ರೂಪಾಯಿ. ಇದನ್ನು ನಿಮ್ಮ ಪೊಟ್ಟಣದ ಪಕ್ಕ ಇಟ್ಟು ನೋಡಿ. ಕೊಂಡದ್ದಕ್ಕಿಂತ ಕಡಿಮೆ ಚಮಚ ಸಾಕಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಲೆಯಲ್ಲಿ ದೊಡ್ಡ ಉಳಿತಾಯ ಇರುವುದು ರವೆ, ಮೈದಾ, ಉಪ್ಪು, ಸಕ್ಕರೆಯಂಥ ಅಗ್ಗದ ಪದಾರ್ಥವೇ ಮುಖ್ಯವಾದ ಮಿಕ್ಸುಗಳಲ್ಲಿ. ಸಾರಿನ ಪುಡಿಯಲ್ಲಿ ಉಳಿತಾಯ ಸಾಧಾರಣ, ಆದರೆ ಒಳಗೇನಿದೆ ಎಂಬುದು ನಿಮಗೆ ಗೊತ್ತು.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ಬೇಡ. ಅರಿಶಿನದ ಕೊಂಬು ಮಿಕ್ಸಿಯ ಬ್ಲೇಡು ಕೆಡಿಸುತ್ತದೆ, ನಂಬಿಕೆಯ ಕಡೆ ಪುಡಿಯನ್ನೇ ಕೊಳ್ಳಿ. ಇಂಗು ಕೊಳ್ಳಲೇಬೇಕಾದದ್ದು. ಡಬ್ಬಿಯ ಇಂಗಿನಲ್ಲಿ ಮೈದಾ ಅಥವಾ ಅಕ್ಕಿಹಿಟ್ಟು, ಗೋಂದು ಬೆರೆತಿರುತ್ತದೆ, ಆದ್ದರಿಂದ ಅಲ್ಲಿಯೂ ಹಿಂಬದಿ ಓದಿ. ಇಬ್ಬರೇ ಇರುವ ಮನೆಯಲ್ಲಿ ತಿಂಗಳಿಗೊಮ್ಮೆ ಪಲಾವ್ ಮಾಡುವವರು ಗರಂ ಮಸಾಲೆಗೆಂದು ಏಲಕ್ಕಿ, ಜಾಪತ್ರೆ, ಮೊಗ್ಗುಗಳನ್ನು ನೂರು ನೂರು ಗ್ರಾಂ ಕೊಂಡರೆ ನಷ್ಟವೇ.

ಸಾಮಾನು ಕೊಳ್ಳಲು ಒಳ್ಳೆಯ ಕಾಲವೊಂದಿದೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಹಿಂಗಾರಿನ ಧನಿಯ, ಗುಜರಾತ್, ರಾಜಸ್ಥಾನದ ಜೀರಿಗೆ ಕೊಯ್ಲಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಹಿಂದಿನವರು ಯುಗಾದಿಯ ಆಸುಪಾಸಿನಲ್ಲಿ ವರ್ಷದ ಪುಡಿ ಮಾಡಿಸುತ್ತಿದ್ದುದು ಹೊಸ ಮಾಲು, ಕಡು ಬಿಸಿಲು ಎರಡೂ ಆಗಲೇ ಸಿಗುತ್ತಿದ್ದುದರಿಂದ.

ಈ ಬೇಸಿಗೆಯಲ್ಲಿ ಮೇಲಿನ ಅಳತೆಯ ಕಾಲು ಭಾಗ ಮಾಡಿ ನೋಡಿ, 275 ಗ್ರಾಂ ಪುಡಿ ಬರುತ್ತದೆ. ಖಾರ, ಘಮ ನಿಮ್ಮ ಮನೆಯ ನಾಲಿಗೆಗೆ ಹೊಂದದಿದ್ದರೆ ಒಂದೊಂದೇ ಪದಾರ್ಥವನ್ನು ಹತ್ತು ಗ್ರಾಂ ಏರಿಸಿ ಇಳಿಸಿ, ಸರಿಬಂದ ಅಳತೆಯನ್ನು ಗ್ರಾಮಿನಲ್ಲೇ ಬರೆದು, ಮಾಡಿದ ತಾರೀಖಿನ ಜೊತೆ ಡಬ್ಬಕ್ಕೆ ಅಂಟಿಸಿ. ಆ ಚೀಟಿಯ ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಕೊಡಿ.